ಬೂದಿ ಚೀಟಿ

ಬೂದಿ ಬಣ್ಣದ ಚೀಟಿಯನ್ನು ಕಿಟಕಿಯ ಗಾಜಿಗೆ ಅಂಗೈಯಿಂದ ಒತ್ತಿ ಹಿಡಿದು ದಾವಲಸಾಬ ನದಾಫ ಕೂಗಿದ: "ಇದನ್ನ ಕೊಟ್ಟಾವ್ರು ಯಾರು? ಅವರ ಮಾರಿ ನೋಡಬೇಕು ನಾನು. ಹೊರಗ ಕರೀರಿ!"

ಗಾಜಿನ ಈಚೆ ಕೂತಿದ್ದ ನೀಲಗಂಗಾ ಕಮ್ಮಾರ ತಲೆ ಎತ್ತಲಿಲ್ಲ. ಆ ಕುರ್ಚಿ ಅವಳದಲ್ಲ. ಗುಮಾಸ್ತೆ ಊಟಕ್ಕೆ ಹೋಗುವಾಗ ಅರ್ಧ ಗಂಟೆ ನೋಡಿಕೊಳ್ಳಿ ಎಂದು ಅವಳನ್ನು ಅಲ್ಲಿ ಕೂಡಿಸಿ ಹೋಗಿದ್ದಳು.

"ಯಾರೂ ಕೊಡೂದಿಲ್ರೀ. ಮಷಿನ್ ಕೊಡತೈತಿ," ಎಂದಳು.

"ಮಷಿನ್‌ಗೆ ಮಾರಿ ಇಲ್ಲೇನು?"

"ಇಲ್ಲ."

"ಹಂಗಾರ ಅದರ ಬಾಯಾಗ ನನ್ನ ಮಗಳ ಮೆದುಳಿನ ತುಂಡು ಇಟ್ಟಾವ್ರಿಗೆ ಐತಲ್ಲ ಮಾರಿ? ಅವರನ್ನ ಕರೀರಿ."

ಅಷ್ಟರಲ್ಲಿ ಊಟ ಮುಗಿಸಿ ಬಂದ ಗುಮಾಸ್ತೆ ಕೈ ಒರೆಸಿಕೊಳ್ಳುತ್ತ, "ಇವರs ನೋಡ್ರಿ ತುಂಡು ಕೊಯ್ಯಾವ್ರು. ಎಲ್ಲಾ ಇವರನ್ನs ಕೇಳ್ರಿ," ಎಂದು ತೋರಿಸಿಬಿಟ್ಟಳು. ನೀಲಗಂಗಾ ಎದ್ದು ಒಳಗೆ ಹೋದಳು. ಬೆನ್ನ ಹಿಂದೆ ಗಾಜಿಗೆ ಮುಷ್ಟಿ ಬಡಿದ ಸದ್ದು ಕೇಳಿಸಿತು.

ಹುಬ್ಬಳ್ಳಿಯ ವಲಯ ಗೆಡ್ಡೆ ಪರೀಕ್ಷಾಲಯಕ್ಕೆ 'ನಿಖರ' ಎಂಬ ಯಂತ್ರ ಬಂದು ಆಗ ಒಂಬತ್ತು ವರ್ಷವಾಗಿತ್ತು. ಪುಟ್ಟ ಮಕ್ಕಳ ಹಿಂಮೆದುಳಿನಲ್ಲಿ ಹುಟ್ಟುವ ಅಪರೂಪದ ಒಂದು ಗೆಡ್ಡೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ, ಒಳಗೆ ಮೂರು ಬಗೆ. ಆ ಬಗೆಯನ್ನು ಹೇಳುವುದು ಎರಡು ಪ್ರೋಟೀನುಗಳು. ಟಿ-ಏಳು ಎಂಬ ಪ್ರೋಟೀನ್ ಇದ್ದರೆ ಒಂದನೆಯ ಬಗೆ: ಗೆಡ್ಡೆ ತೆಗೆದು ಸ್ವಲ್ಪ ಔಷಧಿ ಕೊಟ್ಟರೆ ಮಗು ಉಳಿಯುತ್ತದೆ. ಕೆ-ಎರಡು ಇದ್ದರೆ ಎರಡನೆಯ ಬಗೆ: ಆರು ವಾರ ವಿಕಿರಣ, ಮೇಲೆ ಕಟುವಾದ ಔಷಧಿ, ಹತ್ತರಲ್ಲಿ ಆರು ಮಕ್ಕಳು ಉಳಿಯುತ್ತವೆ. ಎರಡೂ ಇಲ್ಲದಿದ್ದರೆ ಮೂರನೆಯ ಬಗೆ. ಅದಕ್ಕೆ ಏನು ಮಾಡಿದರೂ ವರ್ಷ ತುಂಬುವುದಿಲ್ಲ.

ಮೊದಲು ಇದನ್ನು ಮನುಷ್ಯರೇ ಓದುತ್ತಿದ್ದರು. ಕೂದಲಿಗಿಂತ ತೆಳ್ಳಗೆ ಕೊಯ್ದ ತುಂಡಿನ ಮೇಲೆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ದ್ರಾವಣ ಹಾಕಿದರೆ, ಅದು ಇದ್ದಲ್ಲಿ ಕಂದು ಬಣ್ಣ ಮೂಡುತ್ತಿತ್ತು. ಒಬ್ಬ ವೈದ್ಯ ಇದೆ ಅಂದರೆ ಇನ್ನೊಬ್ಬ ಇಲ್ಲ ಅನ್ನುತ್ತಿದ್ದ. ಜಗಳ ಕೋರ್ಟಿಗೆ ಹೋಗುತ್ತಿತ್ತು. ಕೊನೆಗೆ ಕಾಯ್ದೆ ಬಂತು. ನಿಖರ ಓದಿದ್ದೇ ಅಂತಿಮ. ಹಸಿರು, ಹಳದಿ, ಬೂದಿ ಎಂದು ಮೂರು ಚೀಟಿ. ಮನುಷ್ಯರು ಮರು ಓದಿದರೆ ಶಿಕ್ಷೆ. ಚೀಟಿಯ ಸಂಖ್ಯೆ ಒಪ್ಪದೆ ಯಾವ ಆಸ್ಪತ್ರೆಯ ವಿಕಿರಣ ಯಂತ್ರವೂ ಚಾಲೂ ಆಗುತ್ತಿರಲಿಲ್ಲ.

ಜನ ಬೂದಿ ಚೀಟಿಗೂ ಒಗ್ಗಿಕೊಂಡರು. ಚೀಟಿ ಬಂದ ಮನೆಗೆ ಆಸ್ಪತ್ರೆಯವರು ನೋವಿನ ಔಷಧಿಯ ಪೆಟ್ಟಿಗೆ ಕೊಟ್ಟು ಕಳಿಸುತ್ತಿದ್ದರು. ಶಾಲೆಯವರು ಹಾಜರಿಯಿಂದ ಹೆಸರು ತೆಗೆಯುತ್ತಿದ್ದರು. ನೆರೆಯವರು ಮಗುವನ್ನು ಮಾತಾಡಿಸುವುದು ಬಿಟ್ಟು ತಾಯಿಯನ್ನು ಮಾತ್ರ ಮಾತಾಡಿಸುತ್ತಿದ್ದರು.

ಮರುದಿನ ಭಾನುವಾರ. ಬೆಳಗ್ಗೆ ನೀಲಗಂಗಾಳ ಗಂಡ ಚನಮಲ್ಲಪ್ಪ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಒಬ್ಬ ಕೂತಿದ್ದ, ತೊಡೆಯ ಮೇಲೆ ಆರು ವರ್ಷದ ಹುಡುಗಿ. ಅವಳ ತಲೆ ಒಂದು ಬದಿಗೆ ವಾಲಿತ್ತು. ಬೋಳಿಸಿದ ಹಿಂದಲೆಯಲ್ಲಿ ಹೊಲಿಗೆಯ ಗೆರೆ.

"ಯಾರ್ರೀ ನೀವು? ಏನ್ ಬೇಕು?"

"ನಿಮ್ಮ ಹೆಂಡತಿ. ನನ್ನ ಮಗಳು ಸಾಯೂ ಮಟ ಇಲ್ಲೇ ಕೂಡತೀವಿ. ಆಕಿ ದಿನಾ ಈ ಬಾಗಲದಾಗಿಂದs ದಾಟಿ ಹೋಗಲಿ."

ಚನಮಲ್ಲಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಮೂವತ್ತು ವರ್ಷ ಯಾರ ಉಸಾಬರಿಗೂ ಹೋಗದೆ ಬದುಕಿದ್ದೇ ಅವನ ಹೆಮ್ಮೆ. ಒಳಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ. "ಕೆಲಸದ ಹೊಲಸು ಮನೀ ಮಟ ತಂದೀ ನೋಡು. ಪೊಲೀಸ್ರಿಗೆ ಫೋನ್ ಮಾಡ್ಲೋ, ನೀ ಹೋಗಿ ಎಬ್ಬಸ್ತೀಯೋ?"

ನೀಲಗಂಗಾ ಸೆರಗು ಬಿಗಿದುಕೊಂಡು ಹೊರಬಂದಳು. ಐವತ್ತಾರು ವರ್ಷದ ಅವಳು ಬೈಗುಳಕ್ಕೆ ಹೆದರುವವಳಲ್ಲ. "ನೋಡ್ರಿ, ನಿಮ್ಮ ಸಂಕಟ ನನಗ ತಿಳೀತೈತಿ..."

"ಏನ್ ತಿಳೀತೈತಿ?" ದಾವಲಸಾಬ ಎದ್ದು ನಿಂತ. ಭೀಮಾ ದಂಡೆಯ ಬಿಳೇಕಲ್ಲಿನ ಸೌರ ಬಯಲಲ್ಲಿ ಫಲಕ ತೊಳೆಯುವ ಕೆಲಸ ಅವನದು. ಬಿಸಿಲಿಗೆ ಮುಖ ಕರಕಾಗಿ ಕಣ್ಣು ಕೆಂಪಾಗಿದ್ದವು. "ಆಪರೇಶನ್ ಆದ ದಿನ ಆ ತುಂಡಿನ ಡಬ್ಬಿ ನನ್ನ ಕೈಯಾಗ ಕೊಟ್ಟು ಹಿಡಕೋ ಅಂದ್ರು. ಹಾಕಾಕ ಔಷಧ ಖಾಲಿ ಆಗೇತಿ, ನಾಳೆ ಬರ್ತೈತಿ ಅಂದ್ರು. ಒಂದೂವರೆ ದಿನ ಹಸೀ ಬಟ್ಟ್ಯಾಗ ಸುತ್ತಿ ಇಟ್ಟಿದ್ರು. ವಾಸನಿ ಹೊಡೀತಿತ್ರೀ. ನನ್ನ ಮಗಳ ಮೆದುಳು ಕೊಳತ ವಾಸನಿ ನಾ ಕುಡದೀನಿ. ನಿಮಗೇನ್ ತಿಳೀತೈತಿ?"

ನೀಲಗಂಗಾ ಹತ್ತಿರ ಬಂದಳು.

"ಎಷ್ಟು ದಿನ ಅಂದ್ರಿ?"

"ಒಂದೂವರೆ."

"ಫಾರ್ಮಲಿನ್ ಹಾಕದs?"

"ಅದರ ಹೆಸರು ನನಗ ಗೊತ್ತಿಲ್ಲ. ವಾಸನಿ ಗೊತ್ತೈತಿ."

ಈಗ ಮೆದುಳಿನ ಶಸ್ತ್ರಚಿಕಿತ್ಸೆ ಸಣ್ಣ ಊರುಗಳಲ್ಲೂ ನಡೆಯುತ್ತಿತ್ತು. ದೂರದ ನಗರದಲ್ಲಿ ಕೂತ ಶಸ್ತ್ರವೈದ್ಯ ಯಂತ್ರದ ಕೈಗಳನ್ನು ಆಡಿಸುತ್ತಿದ್ದ. ತೆಗೆದ ತುಂಡು ಕೊಳೆಯದಂತೆ ಅದನ್ನು ಕೂಡಲೇ ಫಾರ್ಮಲಿನ್ನಿಗೆ ಹಾಕಿ ಹುಬ್ಬಳ್ಳಿಗೆ ಕಳಿಸುವುದು ಸ್ಥಳೀಯರ ಹೊಣೆ. ಕಾಗದದಲ್ಲಿ 'ಕೂಡಲೇ ಹಾಕಲಾಗಿದೆ' ಎಂದು ಎಲ್ಲರೂ ಬರೆಯುತ್ತಿದ್ದರು. ನೀಲಗಂಗಾ ಅದನ್ನು ಓದಿ ತುಂಡು ಕೊಯ್ದು ನಿಖರದ ಬಾಯಿಗಿಡುತ್ತಿದ್ದಳು.

ಕಟ್ಟೆಯ ಮೇಲೆ ಹುಡುಗಿ ವಾಂತಿ ಮಾಡಿಕೊಂಡಳು. ನೀಲಗಂಗಾ ಒಳಗಿನಿಂದ ತಂಬಿಗೆ ನೀರು ತಂದಳು. ದಾವಲಸಾಬ ಅದನ್ನು ಮುಟ್ಟಲಿಲ್ಲ. ರಸ್ತೆಯ ನಲ್ಲಿಗೆ ಮಗಳನ್ನು ಎತ್ತಿಕೊಂಡು ಹೋಗಿ ಬಾಯಿ ತೊಳೆದ.

ಸೋಮವಾರ ಕೆಲಸಕ್ಕೆ ಹೋದವಳು ಕಪಾಟಿನಿಂದ ಮೆಹಬೂಬಿ ನದಾಫ ಎಂಬ ಹೆಸರಿನ, ಗೆಡ್ಡೆಯ ತುಂಡು ಹುದುಗಿದ ಮೇಣದ ಗಟ್ಟಿಯನ್ನು ತೆಗೆದಳು. ಅದರಿಂದ ನಾಲ್ಕು ತೆಳುಪದರ ಹೆಚ್ಚಿಗೆ ಕೊಯ್ದಳು. ಹುಬ್ಬಳ್ಳಿಯಲ್ಲೇ ಶಸ್ತ್ರಚಿಕಿತ್ಸೆಯಾಗಿದ್ದ ಇನ್ನೊಂದು ಮಗುವಿನ ಗಟ್ಟಿಯಿಂದಲೂ ನಾಲ್ಕು. ನಿಖರ ಖಾಲಿ ಮಾಡಿ ಎಸೆದ ಶೀಷೆಗಳಲ್ಲಿ ತಳಕ್ಕಂಟಿದ ದ್ರಾವಣದ ಹನಿಗಳನ್ನು ಬಳಿದುಕೊಂಡಳು. ಎಲ್ಲವನ್ನೂ ಊಟದ ಡಬ್ಬಿಯಲ್ಲಿಟ್ಟುಕೊಂಡು ಪಾಳಿ ಮುಗಿದೊಡನೆ ಎರಡು ಗಂಟೆಗೆ ಮನೆಗೆ ಬಂದಳು.

ಅಡಿಗೆಮನೆಯಲ್ಲಿ ಕುಕ್ಕರಿಗೆ ನೀರು ಹಾಕಿ ನಿಂಬೆ ಉಪ್ಪು ಕರಗಿಸಿ, ತೆಳುಪದರ ಅಂಟಿಸಿದ ಗಾಜಿನ ಪಟ್ಟಿಗಳನ್ನು ಇಳಿಬಿಟ್ಟಳು. ಫಾರ್ಮಲಿನ್ನಿನಲ್ಲಿ ಗಂಟುಬಿದ್ದ ಪ್ರೋಟೀನ್ ಹೀಗೆ ಬೆಂದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಳೆಯ ಕಾಲದಲ್ಲಿ ಲ್ಯಾಬಿನಲ್ಲೂ ಕುಕ್ಕರೇ ಇತ್ತು. ಸೀಟಿ ಕೇಳಿ ಚನಮಲ್ಲಪ್ಪ ಬಂದ.

"ಈ ಹೊತ್ತಿನ್ಯಾಗ ಏನ್ ಇಟ್ಟೀ?"

ಸುಳ್ಳು ಹೇಳಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅನ್ನದ ಕುಕ್ಕರಿನ್ಯಾಗ ಯಾರದೋ ಮೆದುಳು ಬೇಯಿಸಾಕತ್ತೀಯಾ? ತಲೀ ನೆಟ್ಟಗ ಐತಿಲ್ಲ ನಿಂದು? ಇದು ಗೊತ್ತಾದ್ರ ನಿನ್ನ ಪೆನ್ಶನ್ ಹೋಗತೈತಿ, ನಾ ಬೀದಿಗೆ ಬರ್ತೀನಿ!"

"ಬಂದ್ರ ಬಾ. ಕಟ್ಟೀ ಮ್ಯಾಲೆ ಜಾಗಾ ಐತಿ," ಎಂದಳು.

ಅವನು ಅಂಗಿ ಹಾಕಿಕೊಂಡು ತಂಗಿಯ ಮನೆಗೆ ಹೊರಟುಹೋದ. ಮೂರು ವಾರ ತಿರುಗಿ ಬರಲಿಲ್ಲ.

ಲ್ಯಾಬಿನ ಸೂಕ್ಷ್ಮದರ್ಶಕಗಳನ್ನು ಗುಜರಿಗೆ ಹಾಕಿದಾಗ ಒಂದನ್ನು ನೀಲಗಂಗಾ ಮನೆಗೆ ತಂದಿದ್ದಳು. ಕಿಟಕಿಯ ಬೆಳಕಿಗೆ ಅದನ್ನಿಟ್ಟು, ಬೆಂದ ಪಟ್ಟಿಗಳ ಮೇಲೆ ಆ ಹನಿಗಳನ್ನು ಹಾಕಿ, ಮೊದಲು ಹುಬ್ಬಳ್ಳಿಯ ಮಗುವಿನ ಪಟ್ಟಿ ನೋಡಿದಳು. ಗೆಡ್ಡೆಯ ಕಣಗಳಲ್ಲಿ ಬಣ್ಣವಿರಲಿಲ್ಲ. ಆದರೆ ಅವುಗಳ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳ ಗೋಡೆ ಕಡುಗಂದಾಗಿತ್ತು. ಹಾಗೇ ಇರಬೇಕು. ಕೆ-ಎರಡು ಗೆಡ್ಡೆಯಲ್ಲಿ ಇರಲಿ ಬಿಡಲಿ, ರಕ್ತನಾಳದ ಗೋಡೆಯಲ್ಲಿ ಇದ್ದೇ ಇರುತ್ತದೆ. ನಾಳ ಕಂದಾದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದರ್ಥ. ಆ ಮಗುವಿನದು ನಿಜವಾಗಿಯೂ ಮೂರನೆಯ ಬಗೆ.

ಬಳಿಕ ಮೆಹಬೂಬಿಯದನ್ನು ಇಟ್ಟಳು. ಗೆಡ್ಡೆಯ ಕಣಗಳು ಖಾಲಿ. ರಕ್ತನಾಳಗಳನ್ನು ಹುಡುಕಿದಳು. ಒಂದು ಸಿಕ್ಕಿತು, ಎರಡು, ಹತ್ತು. ಅವುಗಳ ಗೋಡೆಯೂ ಖಾಲಿ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಜೀವಂತ ಮಗುವಿನ ರಕ್ತನಾಳದಲ್ಲಿ ಇಲ್ಲದಿರಲು ಸಾಧ್ಯವೇ ಇಲ್ಲದ ಪ್ರೋಟೀನ್ ಅಲ್ಲಿ ಇರಲಿಲ್ಲ. ಅದು ಹಸಿ ಬಟ್ಟೆಯಲ್ಲಿ ಕೊಳೆತುಹೋಗಿತ್ತು. ಗೆಡ್ಡೆಯಲ್ಲಿ ಇದ್ದಿರಬಹುದಾದದ್ದೂ ಅದರೊಂದಿಗೇ ಕೊಳೆತಿತ್ತು.

ಇಷ್ಟು ಸಣ್ಣ ವಿಷಯ ನಿಖರಕ್ಕೆ ಯಾಕೆ ಕಾಣಲಿಲ್ಲ ಎಂದು ಯೋಚಿಸಿದಳು.

ಹನ್ನೊಂದು ವರ್ಷದ ಹಿಂದೆ ಯಂತ್ರಕ್ಕೆ ಓದು ಕಲಿಸಲು ಎಂಜಿನಿಯರುಗಳು ಬಂದಿದ್ದರು. ನಾಲ್ಕು ಸಾವಿರ ಚಿತ್ರಗಳ ಮೇಲೆ ಗೆಡ್ಡೆಯ ಗಡಿಯನ್ನು ಬೆರಳಿನಿಂದ ಎಳೆದು ತೋರಿಸಿದವಳು ನೀಲಗಂಗಾ. ಎಲ್ಲವೂ ಹುಬ್ಬಳ್ಳಿಯಲ್ಲೇ ಆದ ಶಸ್ತ್ರಚಿಕಿತ್ಸೆಗಳು, ಕೂಡಲೇ ಫಾರ್ಮಲಿನ್ ಕಂಡ ತುಂಡುಗಳು. ಒಂದು ದಿನ ಒಬ್ಬ ಹುಡುಗಿ ಎಂಜಿನಿಯರ್ ಕೇಳಿದ್ದಳು: ಮೇಡಂ, ಈ ರಕ್ತನಾಳಗಳು ಯಾವಾಗಲೂ ಕಂದಾಗಿಯೇ ಇರುತ್ತವೆ, ಯಂತ್ರಕ್ಕೆ ಗೊಂದಲವಾಗುತ್ತಿದೆ, ಏನು ಮಾಡಲಿ? ಕಣ್ಣುರಿ, ಬೆನ್ನುನೋವು, ಮನೆಗೆ ಹೋಗುವ ಅವಸರ. "ಅಳಿಸಿಬಿಡ್ರಿ. ಅದರಿಂದೇನೂ ಉಪಯೋಗ ಇಲ್ಲ," ಎಂದಿದ್ದಳು ನೀಲಗಂಗಾ.

ಆ ದಿನದಿಂದ ನಿಖರ ರಕ್ತನಾಳಗಳನ್ನು ಕತ್ತರಿಸಿ ಹೊರಗಿಟ್ಟೇ ಓದುತ್ತಿತ್ತು.

ಸಂಜೆ ಕಟ್ಟೆಗೆ ಬಂದು ದಾವಲಸಾಬನ ಎದುರು ಕೂತಳು. "ಆಪರೇಶನ್ ನಡೆದಾಗ ಒಂದು ಚೂರನ್ನ ಎರಡು ಗಾಜಿನ ನಡುವ ಒತ್ತಿ, ಸ್ಪಿರಿಟ್‌ನ್ಯಾಗ ಅದ್ದಿ, ಆ ದೂರದ ಡಾಕ್ಟರಿಗೆ ಕ್ಯಾಮೆರಾದಾಗ ತೋರಿಸ್ತಾರು. ಗೆಡ್ಡೀನs ಹೌದೋ ಅಲ್ಲೋ ಅಂತ. ಆ ಗಾಜು ಇನ್ನೂ ಬಿಳೇಕಲ್ಲಿನ್ಯಾಗ ಇರಬೇಕು. ಅದನ್ನ ತರ್ರಿ."

"ಯಾಕ?"

"ಈ ಚೀಟಿ ಸುಳ್ಳಿರಬಹುದು."

ಸಮಾಧಾನದ ಸುಳಿವು ಅವನ ಮುಖದಲ್ಲಿರಲಿಲ್ಲ. "ಮೊನ್ನೆ ಮಷಿನ್ ಕೊಟ್ಟೈತಿ ಅಂದ್ರಿ. ಇವತ್ತು ಸುಳ್ಳು ಅಂತೀರಿ. ನಾಳಿಗೆ ಏನಂತೀರಿ?"

"ನಾಳಿಗೆ ಗಾಜು ಬಂದ್ರ ಹೇಳ್ತೀನಿ. ಹುಡುಗೀನ ಇಲ್ಲೇ ಬಿಟ್ಟು ಹೋಗ್ರಿ."

"ನಿಮ್ಮ ಕೈಯಾಗ? ಎಂದೂ ಇಲ್ಲ."

ಕುತ್ತಿಗೆ ನಿಲ್ಲದ ಮಗಳನ್ನು ಎದೆಗೆ ಕಟ್ಟಿಕೊಂಡೇ ಅವನು ಬಸ್ಸು ಹತ್ತಿದ. ಎರಡು ದಿನ ಬಿಟ್ಟು ಬಂದ. ಗಾಜು ಸಿಕ್ಕಿತ್ತು. ಅಲ್ಲಿನ ಲ್ಯಾಬಿನವನು ಕೊಡುವುದಿಲ್ಲ ಎಂದಿದ್ದನಂತೆ. ದಾವಲಸಾಬನ ಗೆಣ್ಣುಗಳ ಮೇಲೆ ಚರ್ಮ ಸುಲಿದಿತ್ತು.

ಸ್ಪಿರಿಟ್ ಕಂಡ ಆ ಚೂರಿನಲ್ಲಿ ಕೊಳೆಯಲು ಪ್ರೋಟೀನಿಗೆ ಸಮಯವೇ ಸಿಕ್ಕಿರಲಿಲ್ಲ. ನಡು ಹಗಲಲ್ಲಿ ಅಡಿಗೆಮನೆಯ ಕಟ್ಟೆಯ ಮೇಲೆ ಹನಿ ಹಾಕಿ ಕಾದಳು. ನೋಡನೋಡುತ್ತ ರಕ್ತನಾಳದ ಒಂದು ಎಳೆ ಕಂದಾಯಿತು. ಅದರ ಸುತ್ತಲಿನ ಗೆಡ್ಡೆಯ ಕಣಗಳೂ ಒಂದೊಂದಾಗಿ ಕಂದಾದವು. ಕೆ-ಎರಡು. ಎರಡನೆಯ ಬಗೆ. ಹಳದಿ ಚೀಟಿ.

ಪರೀಕ್ಷಾಲಯದ ನಿರ್ದೇಶಕ ಡಾ. ಯದುನಾಥ ಅರಸ್ ಮೈಸೂರಿನ ಕಡೆಯವರು, ದನಿ ಎತ್ತದೆ ಮಾತಾಡುವ ಮನುಷ್ಯ. ನೀಲಗಂಗಾ ಮೇಜಿನ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟಾಗಲೂ ಎತ್ತಲಿಲ್ಲ. ಒಂದೊಂದನ್ನೂ ನೋಡಿದರು, ಮತ್ತೆ ನೋಡಿದರು. ಎದ್ದು ಬಾಗಿಲು ಹಾಕಿಕೊಂಡು ಬಂದರು.

"ಇಂಥವು ಎಷ್ಟಿರಬಹುದು?"

"ದೂರದ ಊರಿಂದ ಬಂದ ಬೂದಿ ಚೀಟಿ ಇನ್ನೂರಾ ಹದಿನಾಲ್ಕು. ಎಷ್ಟು ಸುಳ್ಳು ಅನ್ನೋದು ನೋಡಿದ ಮ್ಯಾಲೆ ಗೊತ್ತಾಗೂದು."

"ನೋಡೋದಿಲ್ಲ ನೀವು." ಅರಸ್ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರು. "ಆ ಮಕ್ಕಳು ಯಾರೂ ಈಗ ಇಲ್ಲ ಕಣ್ರೀ. ಹೆತ್ತವರು ಹೇಗೋ ಸಮಾಧಾನ ಮಾಡ್ಕೊಂಡಿದಾರೆ, ಏನೂ ಮಾಡೋಕಾಗ್ತಿರಲಿಲ್ಲ ಅಂತ. ಅದನ್ನೂ ಕಿತ್ಕೊಳ್ತೀರಾ? ಈ ಹುಡುಗಿ ಚೀಟೀನ ಇವತ್ತೇ ಹಳದಿ ಮಾಡಿಸ್ತೀನಿ. ಗುಮಾಸ್ತೆ ತಪ್ಪು ಅಂತ ಬರೀತೀನಿ. ನೀವು ಬಾಯಿ ಮುಚ್ಕೊಂಡಿರಿ. ಇಲ್ಲ ಅಂದ್ರೆ ಕಾಯ್ದೆ ಪ್ರಕಾರ ನಿಮ್ಮ ಓದು ಅಪರಾಧ. ಈ ಗಾಜು ಕಸದ ಬುಟ್ಟಿಗೆ, ಹುಡುಗಿ ಬೂದಿಯಲ್ಲೇ."

"ಮುಂದ ಬರೂ ಹುಡುಗರಿಗೆ?"

"ಮುಂದಿನ ವರ್ಷ ಹೊಸ ಯಂತ್ರ ಬರುತ್ತೆ."

ಅವಳು ಚೀಟಿ ತೆಗೆದುಕೊಂಡಳು. ಅದನ್ನು ಕೊಡಲು ಹೋದಾಗ ಎಲ್ಲವನ್ನೂ ದಾವಲಸಾಬನಿಗೆ ಹೇಳಿದಳು, ಅರಸ್ ಹೇಳಿದ ಷರತ್ತನ್ನೂ, ಹನ್ನೊಂದು ವರ್ಷದ ಹಿಂದೆ ತಾನು ಆಡಿದ ಮಾತನ್ನೂ. ಅವನು ಚೀಟಿಯನ್ನು ಅಂಗಿಯ ಒಳಗೆ ಎದೆಗೆ ಹತ್ತಿದಂತೆ ಇಟ್ಟುಕೊಂಡು ಅವಳ ಹತ್ತಿರ ಬಂದು ನಿಂತ.

"ಆರು ವಾರ. ಆರು ವಾರ ನಿಮ್ಮ ಬಾಯಿ ಹೊಲದಂಗ ಇರಬೇಕು. ಈಗ ನೀವು ಸತ್ಯವಂತಿ ಆಗಾಕ ಹೋಗಿ ನನ್ನ ಮಗಳ ಚೀಟಿಗೆ ಏನರ ಆತು, ನಾ ನಿಮ್ಮನ್ನ ಜೀವಸಹಿತ ಬಿಡೂದಿಲ್ಲ."

ಮೆಹಬೂಬಿಯ ವಿಕಿರಣ ಶುರುವಾಯಿತು. ಮೊದಲ ವಾರ ನಿಖರ ಕೊಟ್ಟದ್ದು ಎರಡು ಹಳದಿ, ಒಂದು ಹಸಿರು ಚೀಟಿ. ಎರಡನೆಯ ವಾರದ ಮಂಗಳವಾರ ಯಾದಗಿರಿ ಕಡೆಯಿಂದ ಮೂರು ವರ್ಷದ ಗಂಡುಮಗುವಿನ ತುಂಡು ಬಂತು. ಡಬ್ಬಿ ತೆಗೆದೊಡನೆ ನೀಲಗಂಗಾಳಿಗೆ ವಾಸನೆ ತಿಳಿಯಿತು. ಎಷ್ಟು ಸಲ ಈ ವಾಸನೆ ಮೂಗಿಗೆ ಬಡಿದಿರಬಹುದು, ಎಷ್ಟು ಸಲ ಕಿಟಕಿ ತೆರೆದು ಕೆಲಸ ಮುಂದುವರಿಸಿದ್ದಳೋ. ಕೊಯ್ದು ಇಟ್ಟಳು. ನಿಖರ ಬೂದಿ ಚೀಟಿ ಉಗುಳಿತು. ಶುಕ್ರವಾರ ಸುರಪುರದ ಕಡೆಯ ಇನ್ನೊಂದು ಹೆಣ್ಣುಮಗುವಿಗೂ ಅದೇ.

ಆ ಎರಡು ಚೀಟಿಗಳನ್ನು ತೆಗೆದುಕೊಂಡು ಹೋದವರನ್ನು ಅವಳು ಗಾಜಿನ ಹಿಂದಿನಿಂದ ನೋಡಿದಳು. ಒಬ್ಬ ಅಜ್ಜ, ಚೀಟಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡ. ಬಣ್ಣದ ಅರ್ಥ ಅವನಿಗೆ ತಿಳಿದಿರಲಿಲ್ಲ.

ಶನಿವಾರ ನೀಲಗಂಗಾ ರಜೆ ಹಾಕಿ ಧಾರವಾಡಕ್ಕೆ ಹೋಗಿ ಒಬ್ಬ ವಕೀಲೆಯನ್ನು ಕಂಡಳು. ಅರ್ಜಿಯ ಮೊದಲ ಸಾಲಿನಲ್ಲೇ ತನ್ನ ತಪ್ಪು ಬರೆಸಿದಳು. ವಕೀಲೆ ಪೆನ್ನು ನಿಲ್ಲಿಸಿ, "ಇದನ್ನ ಬರೀಲೇಬೇಕೇನ್ರಿ? ನಿಮ್ಮನ್ನs ಹಿಡೀತಾರು," ಎಂದಳು.

"ಬರೀರಿ. ಇಲ್ಲಂದ್ರ ಎಲ್ಲಾ ಮಷಿನ್ ಮ್ಯಾಲೆ ಹಾಕಿ ಕೈ ತೊಳಕೋತಾರು."

ಕೋರ್ಟು ಬುಧವಾರ ತಡೆ ಕೊಟ್ಟಿತು. ಎಲ್ಲರೂ ಅಂದುಕೊಂಡದ್ದಕ್ಕಿಂತ ದೊಡ್ಡ ತಡೆ: ನಿಖರ ಕೊಟ್ಟ ಯಾವ ಚೀಟಿಯೂ ಮುಂದಿನ ಆದೇಶದವರೆಗೆ ಸಿಂಧುವಲ್ಲ. ಅಂದೇ ಮಧ್ಯಾಹ್ನ ಮೂರು ಜಿಲ್ಲೆಗಳ ವಿಕಿರಣ ಯಂತ್ರಗಳು ಹಳದಿ ಚೀಟಿಗಳನ್ನೂ ಒಪ್ಪದೆ ನಿಂತವು. ಹದಿಮೂರನೆಯ ದಿನದ ವಿಕಿರಣಕ್ಕೆ ಮಲಗಿದ್ದ ಮೆಹಬೂಬಿಯನ್ನು ಮೇಜಿನಿಂದ ಇಳಿಸಿ ಹೊರಗೆ ಕಳಿಸಿದರು.

ದಾವಲಸಾಬ ಬಾಗಿಲು ಬಡಿಯಲಿಲ್ಲ, ಒದ್ದ. ಅಷ್ಟು ಹೊತ್ತಿಗೆ ಚನಮಲ್ಲಪ್ಪ ಮನೆಗೆ ಬಂದಿದ್ದ. ನಡುವೆ ಬಂದ ಅವನನ್ನು ಒಂದೇ ಕೈಯಲ್ಲಿ ತಳ್ಳಿದ. ಕಿಟಕಿಯ ಬಳಿಯಿದ್ದ ಸೂಕ್ಷ್ಮದರ್ಶಕವನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಅಪ್ಪಳಿಸಿದ. ಮಸೂರಗಳು ಮಂಚದ ಕೆಳಗೆ ಉರುಳಿದವು.

"ನಾಲ್ಕು ವಾರ ಉಳದಿತ್ತು! ನಾಲ್ಕs ವಾರ! ಬಾಯಿ ಮುಚ್ಚಿಕೊಂಡಿರಾಕ ಆಗಲಿಲ್ಲ ನಿಮಗ!"

"ಎರಡು ಹುಡುಗರು ಬಂದಿದ್ವು," ಎಂದಳು ನೀಲಗಂಗಾ. "ಇನ್ನೂ ಜೀವದ ಮ್ಯಾಲೆ ಅದಾವು ಅವು."

"ನನ್ನ ಹುಡುಗಿ ಜೀವದ ಮ್ಯಾಲಿಲ್ಲೇನು? ಅವರನ್ನ ಉಳಸಾಕ ನನ್ನ ಮಗಳನ್ನ ಕೊಟ್ರೇನು? ಯಾರನ್ನ ಕೇಳಿ ಕೊಟ್ರಿ?"

ಅವಳು ಯಾರನ್ನೂ ಕೇಳಿರಲಿಲ್ಲ. ಅವನು ಹೋದ ಮೇಲೆ ಚನಮಲ್ಲಪ್ಪ ಮೊಣಕಾಲೂರಿ ಮಂಚದ ಕೆಳಗೆ ಕೈಹಾಕಿ ಮಸೂರಗಳನ್ನು ಹುಡುಕತೊಡಗಿದ. ಹುಡುಕುತ್ತಲೇ ಬೈಯುತ್ತಿದ್ದ, ಅವನನ್ನೋ, ಅವಳನ್ನೋ ತಿಳಿಯಲಿಲ್ಲ.

ತಡೆ ಹನ್ನೊಂದು ದಿನ ಇತ್ತು. ಆ ಹನ್ನೊಂದು ದಿನ ಪರೀಕ್ಷಾಲಯದ ಬಾಗಿಲ ಮುಂದೆ ಹಳದಿ ಚೀಟಿಯವರು ಕಲ್ಲು ಹಿಡಿದು ನಿಂತರು, ಬೂದಿ ಚೀಟಿಯವರು ಫೋಟೋ ಹಿಡಿದು ನಿಂತರು. ಎರಡೂ ಗುಂಪು ಬೈದದ್ದು ಒಬ್ಬಳನ್ನೇ. ಹನ್ನೆರಡನೆಯ ದಿನ ಕೋರ್ಟು, ಹಸಿರು ಮತ್ತು ಹಳದಿ ಚೀಟಿಗಳು ಊರ್ಜಿತ, ಬೂದಿ ಚೀಟಿಗಳೆಲ್ಲ ರದ್ದು, ಇನ್ನು ಮುಂದೆ ರಕ್ತನಾಳ ನೋಡದೆ ಯಾವ ಚೀಟಿಯನ್ನೂ ಕೊಡಕೂಡದು ಎಂದಿತು. ಆಪರೇಶನ್ ವೇಳೆಯ ಗಾಜು ತರಿಸಿ ನೋಡಿದಾಗ ಯಾದಗಿರಿಯ ಮಗುವಿನದೂ ಎರಡನೆಯ ಬಗೆಯೆಂದು ತೇಲಿತು. ಸುರಪುರದ ಹುಡುಗಿಯದು ನಿಜವಾಗಿಯೂ ಮೂರನೆಯದು. ಅವಳು ಅದೇ ಮಳೆಗಾಲದಲ್ಲಿ ತೀರಿಕೊಂಡಳು.

ಡಾ. ಅರಸ್ ವಿಚಾರಣೆಯಲ್ಲಿ ತಮಗೇನೂ ಗೊತ್ತಿರಲಿಲ್ಲ ಎಂದರು. ನೀಲಗಂಗಾ ಎಲ್ಲ ಗೊತ್ತಿತ್ತು ಎಂದಳು, ತನಗೂ ಅವರಿಗೂ. ಇಬ್ಬರ ಕೆಲಸವೂ ಹೋಯಿತು. ಆದರೆ ಹಳೆಯ ಗಟ್ಟಿಗಳನ್ನು ಕೈಯಿಂದ ಕೊಯ್ದು ಕಣ್ಣಿನಿಂದ ಓದಬಲ್ಲವರು ಆ ವಲಯದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಕೋರ್ಟಿನ ಆಜ್ಞೆಯ ಮೇಲೆ, ಇಬ್ಬರು ಕಾವಲಿನವರ ಎದುರು ಕೂತು, ಅವಳು ಏಳು ತಿಂಗಳಲ್ಲಿ ಇನ್ನೂರಾ ಹದಿನಾಲ್ಕನ್ನೂ ಓದಿದಳು. ಅರವತ್ತೆಂಟರಲ್ಲಿ ರಕ್ತನಾಳ ಕಂದಾಗಿತ್ತು. ಅವು ನಿಜವಾದ ಮೂರನೆಯ ಬಗೆ. ಉಳಿದ ನೂರಾ ನಲವತ್ತಾರು ಖಾಲಿ. ಖಾಲಿ ಎಂದರೆ ಇನ್ನು ಯಾವ ದ್ರಾವಣ ಹಾಕಿದರೂ ಏನೂ ತಿಳಿಯದು. ಆ ಮಕ್ಕಳ ಆಪರೇಶನ್ ವೇಳೆಯ ಗಾಜುಗಳನ್ನು ಆಯಾ ಊರಿನವರು ಎಂದೋ ಎಸೆದಿದ್ದರು.

ಮೆಹಬೂಬಿ ಉಳಿದಳು. ಎಡಗಿವಿ ಕೇಳುವುದಿಲ್ಲ, ನಡೆಯುವಾಗ ಗೋಡೆ ಹಿಡಿಯುತ್ತಾಳೆ. ಗೆಡ್ಡೆ ಮರುಕಳಿಸಿಲ್ಲ. ಆ ಹನ್ನೊಂದು ದಿನ ಹೋಗದಿದ್ದರೆ ಕಿವಿ, ಕಾಲು ಸರಿಯಿರುತ್ತಿದ್ದವೇ ಎಂದು ದಾವಲಸಾಬ ಡಾಕ್ಟರರನ್ನು ಕೇಳಿದ. ವಿಕಿರಣವೇ ಕಿವಿ ತೆಗೆದಿದ್ದು ಎಂದು ಅವರು ಹೇಳಿದರು. ಅವನು ನಂಬಲಿಲ್ಲ.

ಖಾಲಿ ಎಂದು ಬಂದ ಮಕ್ಕಳ ಹೆಸರಿನ ಪಟ್ಟಿ ಪ್ರಕಟವಾದ ವಾರ ಅವನು ನೀಲಗಂಗಾಳ ಮನೆಗೆ ಬಂದ. ಒಳಗೆ ಬರಲಿಲ್ಲ, ಕೂರಲಿಲ್ಲ.

"ಮಗಳು ಉಳದಾಳಂತ ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ."

"ತಿಳಕೊಂಡಿಲ್ಲ."

"ಪಟ್ಟ್ಯಾಗ ನಮ್ಮ ಬಿಳೇಕಲ್ಲಿನ ಹೆಸರು ಒಂದೈತಿ. ಸಿದ್ರಾಮ ಹೊಸಮನಿ. ಐದು ವರ್ಷದಾಂವ ಇದ್ದ. ಅವರ ತಾಯಿ ಗಿರಿಜವ್ವ ನಮ್ಮ ಜೋಡಿ ಫಲಕ ತೊಳೀತಾಳು. ಓದಾಕ ಬರೂದಿಲ್ಲ ಆಕಿಗೆ. ದಿನಾ ನನ್ನ ಮಗಳನ್ನ ನೋಡ್ತಾಳು, ಏನೂ ಅನ್ನೂದಿಲ್ಲ. ಆಕಿಗೆ ಯಾರು ಹೇಳಬೇಕು? ನಾ ಹೇಳಲಿ?"

"ನಾ ಬರ್ತೀನಿ," ಎಂದಳು ನೀಲಗಂಗಾ.

ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕೂತ, ಅವಳು ಹಿಂದೆ. ನಾಲ್ಕೂವರೆ ತಾಸಿನ ದಾರಿ. ಬಿಳೇಕಲ್ಲಿನ ಸುತ್ತ ಕಣ್ಣು ಹಾಯುವ ತನಕ ಸೌರ ಫಲಕಗಳು. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡ ಹೆಂಗಸರು ಉದ್ದ ಕೋಲಿನ ಕುಂಚದಿಂದ ಧೂಳು ತೊಳೆಯುತ್ತಿದ್ದರು. ಅವರಲ್ಲಿ ಒಬ್ಬಳನ್ನು ದಾವಲಸಾಬ ಕೈಮಾಡಿ ಕರೆದ. ತಾನು ಇಪ್ಪತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

ಗಿರಿಜವ್ವ ಕುಂಚವನ್ನು ಕೆಳಗಿಡದೆ ಕೇಳಿಸಿಕೊಂಡಳು. ನೀಲಗಂಗಾ ಸುತ್ತುಬಳಸದೆ ಹೇಳಿದಳು: ತಾನು ಯಾರು, ಯಂತ್ರಕ್ಕೆ ಏನು ಕಲಿಸಿದೆ, ನಾಲ್ಕು ವರ್ಷದ ಹಿಂದೆ ಸಿದ್ರಾಮನ ತುಂಡು ಹೇಗೆ ಬಂದಿತ್ತು, ಈಗ ಅದರಲ್ಲಿ ಏನು ಕಂಡೆ, ಏನು ಕಾಣಲಿಲ್ಲ.

"ಹಂಗಾರ ನನ್ನ ಮಗಂದು ಯಾವ ಬಗೀದು?"

"ಗೊತ್ತಾಗಲಿಲ್ಲವ್ವಾ."

"ಔಷಧ ಕೊಟ್ಟಿದ್ರ ಉಳೀತಿದ್ದ?"

"ಅದೂ ಗೊತ್ತಿಲ್ಲ. ಉಳೀಬಹುದಿತ್ತು. ಉಳೀದೆನೂ ಇರಬಹುದಿತ್ತು. ಇನ್ನ ಯಾರಿಗೂ ಗೊತ್ತಾಗೂದಿಲ್ಲ."

"ಮತ್ತ ಇಷ್ಟು ದೂರ ಏನ್ ಹೇಳಾಕ ಬಂದ್ರಿ?"

"ಇದನ್ನs. ಗೊತ್ತಿಲ್ಲ ಅಂತ."

ಗಿರಿಜವ್ವ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಅಳಲಿಲ್ಲ. ಕುಂಚವನ್ನು ಬಕೆಟ್ಟಿಗೆ ಅದ್ದಿ ಫಲಕದ ಮೇಲೆ ಒಮ್ಮೆ ಎಳೆದಳು, ಮತ್ತೆ ನಿಲ್ಲಿಸಿದಳು.

"ಆವತ್ತು ಆ ಚೀಟಿ ಕೊಟ್ಟಾಗ ಹಿಂಗ ಗೊತ್ತಿಲ್ಲ ಅಂದಿದ್ರ," ಎಂದಳು, "ನಾ ಅವನ್ನ ಮನೀಗೆ ಕರಕೊಂಡು ಬರ್ತಿದ್ದಿಲ್ಲ. ಔಷಧ ಕೊಡೂ ಮಟ ಅಲ್ಲೇ ಕೂಡತಿದ್ದೆ."

ಅಷ್ಟು ಹೇಳಿ ಬಕೆಟ್ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು. ನೀಲಗಂಗಾ ಬಿಸಿಲಿನಲ್ಲಿ ನಿಂತೇ ಇದ್ದಳು. ಅವಳಿಗೆ ಯಾರೂ ಹೋಗು ಅನ್ನಲಿಲ್ಲ, ಕೂತುಕೋ ಅನ್ನಲಿಲ್ಲ.